ಕೊನೆಯ ಮೂರು ಅಡಿ

ನಮ್ಮ ಅತ್ತೆಗೆ, ಅಂದರೆ ಅಪ್ಪನ ಒಬ್ಬಳೇ ತಂಗಿಗೆ, ಯಾವ ಸಿನಿಮಾದ ಕಥೆಯೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಕೊಲೆ ಮಾಡಿದ್ದು ಯಾರು, ತಪ್ಪಿಸಿಕೊಂಡ ಅಣ್ಣ ಕೊನೆಗೆ ಸಿಕ್ಕಿದನೇ, ನಾಯಕಿ ಯಾರ ಕೈ ಹಿಡಿದಳು ಎಂದೆಲ್ಲ ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದಳು. ಆದರೆ ಅದೇ ಸಿನಿಮಾದಲ್ಲಿ ನಾಯಕ ನಾಯಕಿ ಬೀದಿಯಲ್ಲಿ ನಿಂತು ಜಗಳವಾಡುವಾಗ, ಹಿಂದೆ ಯಾವುದೋ ಮನೆಯ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ತನ್ನ ಪಾಡಿಗೆ ತಾನು ಬೆಡ್‌ಶೀಟ್ ಮಡಿಸುತ್ತಿದ್ದಳು ಎಂಬುದು ಮೂವತ್ತು ವರ್ಷವಾದರೂ ಅವಳಿಗೆ ಮರೆತಿರಲಿಲ್ಲ. ಅಷ್ಟಗಲದ ಬೆಡ್‌ಶೀಟನ್ನು ಆ ಹೆಂಗಸು ಒಂದಂಚನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು, ನೆಲಕ್ಕೆ ತಾಗಿಸದೆ, ಒಬ್ಬಳೇ ಮಡಿಸಿಬಿಟ್ಟಿದ್ದಳಂತೆ. ಅತ್ತೆ ಆ ಸಿನಿಮಾವನ್ನು ಹತ್ತೊಂಬತ್ತು ಸಲ ನೋಡಿದಳು. ಆಗಿನ್ನೂ ಅವಳಿಗೆ ಮದುವೆಯಾಗಿರಲಿಲ್ಲ. ಹುಡುಗಿಗೆ ಹೀರೋ ಹುಚ್ಚು ಹಿಡಿದಿದೆ ಎಂದು ಅಜ್ಜಿ ಅವನ ಚಿತ್ರವಿದ್ದ ಕ್ಯಾಲೆಂಡರನ್ನು ಗೋಡೆಯಿಂದ ಕಿತ್ತು ಬೀರುವಿನ ಹಿಂದೆ ತುರುಕಿದಳು. ಹೀರೋ ಅಲ್ಲ, ಬೆಡ್‌ಶೀಟು ಎಂದು ಅತ್ತೆ ನಿಜ ಹೇಳಿದ ಮೇಲೆ ಅಜ್ಜಿಗೆ ಇನ್ನೂ ಹೆಚ್ಚು ಗಾಬರಿಯಾಯಿತು.

ಅತ್ತೆಯ ಕಸುಬು ಕಾಜಾ. ಮುಖ್ಯ ರಸ್ತೆಯ ಅಂಗಡಿಯಲ್ಲಿ ಟೈಲರ್ ಅಂಗಿ ಕತ್ತರಿಸಿ ಹೊಲಿದುಕೊಟ್ಟರೆ, ಗುಂಡಿ ತೂರುವ ಕಂಡಿಗಳನ್ನು, ಅಂದರೆ ಕಾಜಾಗಳನ್ನು, ಕೈಯಲ್ಲೇ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ಕಿಟಕಿಯ ಪಕ್ಕ ಒಂದು ಸ್ಟೂಲು, ತೊಡೆಯ ಮೇಲೆ ಅಂಗಿ, ಎಡಗೈ ಮಣಿಕಟ್ಟಿಗೆ ಸೂಜಿ ಚುಚ್ಚಿಡುವ ಪುಟ್ಟ ದಿಂಬು. ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದು, ಹೊಸ ಕಂಡಿಯೊಳಗೆ ಗುಂಡಿಯನ್ನು ಮೊದಲ ಸಲ ತೂರಿಸುವಾಗ ಒಂದು ಸಣ್ಣ ಬಿಗಿ ಇರುತ್ತದೆ. ಆಮೇಲೆ ‘ಪುಟ್’ ಎಂದು ಗುಂಡಿ ಆಚೆ ಬರುತ್ತದೆ. ಆ ‘ಪುಟ್’ ಕೇಳಿಸಲು ಅವಳು ಅಂಗಡಿಗೆ ಬಂದವರನ್ನೆಲ್ಲ ಹತ್ತಿರ ಕರೆಯುತ್ತಿದ್ದಳು. ಅಳತೆ ಕೊಡಲು ಬಂದ ದಪ್ಪ ಮೀಸೆಯ ಗಿರಾಕಿಗಳು ಸೊಂಟ ಬಗ್ಗಿಸಿ, ಕಿವಿಯನ್ನು ಗುಂಡಿಯ ಪಕ್ಕ ಇಟ್ಟು, ಕೇಳಿಸಿತು ಎಂದು ಗಂಭೀರವಾಗಿ ತಲೆಯಾಡಿಸಿ ಹೋಗುತ್ತಿದ್ದರು. ಒಬ್ಬರು ವಕೀಲರು ತಮಗೆ ಸರಿಯಾಗಿ ಕೇಳಿಸಲಿಲ್ಲವೆಂದು ಮಾರನೆಯ ದಿನ ಮತ್ತೆ ಬಂದಿದ್ದರು.

ಮನೆಯಲ್ಲೂ ಹಾಗೇ. ಹೊಸ ಸೋಪಿನ ಮೇಲೆ ಕೆತ್ತಿದ ಅಕ್ಷರ ಅಳಿಸದಿರಲೆಂದು ಮೊದಲ ಎರಡು ದಿನ ಹಿಂಬದಿಯಿಂದ ಮಾತ್ರ ಉಜ್ಜಿಕೊಳ್ಳುವುದು. ಮೇಲಿನ ಮನೆಯವರು ಕುರ್ಚಿ ಎಳೆದರೆ, ಇವತ್ತು ಚೆನ್ನಾಗಿ ಎಳೆದರು ಅನ್ನುವುದು.

ಇಂಥವಳನ್ನು ಮದುವೆಯಾದ ನಮ್ಮ ಮಾವ ಪ್ರೆಸ್ಸಿನಲ್ಲಿ ಕರಡು ತಿದ್ದುವವರು. ರೈಲಿನ ವೇಳಾಪಟ್ಟಿ, ಔಷಧಿ ಡಬ್ಬಿಯೊಳಗೆ ಮಡಿಸಿಡುವ ಸಣ್ಣಕ್ಷರದ ಕಾಗದ, ಯಾವುದೋ ಇಲಾಖೆಯ ನಿಯಮಾವಳಿ, ಇವುಗಳಲ್ಲಿ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ಗುರುತು ಹಾಕುವುದೇ ಅವರ ಅನ್ನ. ತಮ್ಮದೇ ಮದುವೆಯ ಕರೆಯೋಲೆಯಲ್ಲಿ ಏಳು ತಪ್ಪು ಹುಡುಕಿ, ತಿದ್ದಿ, ಹೆಣ್ಣಿನ ಮನೆಗೆ ವಾಪಸು ಕಳಿಸಿದ್ದವರು. ಸಂಬಂಧ ಮುರಿಯಿತು ಎಂದು ಅಜ್ಜಿ ಅಳತೊಡಗಿದಾಗ ಅತ್ತೆ ಆ ಕೆಂಪು ಗೀಟುಗಳನ್ನು ಬೆಳಕಿಗೆ ಹಿಡಿದು ನೋಡಿ, ಎಷ್ಟು ನೇರವಾಗಿ ಎಳೆದಿದ್ದಾರೆ ಅಂದಳಂತೆ. ಮಾವ ಲೋಕದ ತಪ್ಪುಗಳನ್ನು ಹೇಳುತ್ತಿದ್ದರು, ಅತ್ತೆ ಲೋಕದ ಚಂದಗಳನ್ನು ಹೇಳುತ್ತಿದ್ದಳು, ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳುತ್ತಿರಲಿಲ್ಲ. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಅತ್ತೆಗೆ ಐವತ್ತೆರಡು ತುಂಬಿದ ವರ್ಷ ಮೂರು ಬೀದಿಯಾಚೆಯ ನಾಟಕದ ಹಾಲಿನಲ್ಲಿ ಒಂದು ಹೊಸ ನಾಟಕ ಶುರುವಾಯಿತು. ಪ್ರತಿ ಶನಿವಾರ ಮಧ್ಯಾಹ್ನ ಮೂರೂವರೆಗೆ ಆಟ. ರಾಜನ ನಿಲುವಂಗಿ ಹೊಲಿದದ್ದು ಇವರ ಟೈಲರ್, ಅದಕ್ಕೆ ಇಪ್ಪತ್ತೆರಡು ಕಾಜಾ ಹಾಕಿದ್ದು ಅತ್ತೆ. ಹಾಗಾಗಿ ಪಾಸು ಸಿಕ್ಕಿತು. ತನ್ನ ಕಾಜಾ ನೋಡಲು ಹೋದವಳು ಪರದೆ ನೋಡಿಕೊಂಡು ಬಂದಳು.

ಆ ಹಾಲಿನಲ್ಲಿದ್ದುದು ಪಕ್ಕಕ್ಕೆ ಸರಿಯುವ ಪರದೆಯಲ್ಲ, ಮೇಲಿನಿಂದ ಇಳಿಯುವ ಹಳೇ ಕಾಲದ ಅಂಕದ ಪರದೆ. ಕಡೆಯ ದೃಶ್ಯದಲ್ಲಿ ಮುದಿ ರಾಜ ಸಿಂಹಾಸನದಲ್ಲಿ ಕೂತಲ್ಲೇ ಪ್ರಾಣ ಬಿಡುತ್ತಾನೆ. ರಾಣಿ ಪಕ್ಕದಲ್ಲಿ ನಿಂತು ಅಳುತ್ತಾಳೆ, ಮಂತ್ರಿ ಕಣ್ಣೊರೆಸಿಕೊಳ್ಳುತ್ತಾನೆ, ನಾಲ್ಕು ಜನ ಸೈನಿಕರು ತಲೆ ತಗ್ಗಿಸುತ್ತಾರೆ. ಪರದೆ ಇಳಿಯತೊಡಗುತ್ತದೆ. ಮೊದಲು ಸರಸರನೆ ಇಳಿದು ಮುಖಗಳನ್ನು ಮುಚ್ಚಿತು, ಎದೆ ಮುಚ್ಚಿತು, ಸೊಂಟ ಮುಚ್ಚಿತು. ನೆಲಕ್ಕೆ ಇನ್ನು ಮೂರಡಿ ಇದೆ ಅನ್ನುವಾಗ ಇದ್ದಕ್ಕಿದ್ದಂತೆ ನಿಧಾನವಾಯಿತು. ಯಾರೋ ಮಲಗಿದ ಮಗುವಿಗೆ ಹೊದಿಕೆ ಹೊದಿಸುತ್ತಿರುವ ಹಾಗೆ ಇಷ್ಟಿಷ್ಟೇ ಇಳಿಯಿತು. ಆ ಹೊತ್ತಿನಲ್ಲಿ ಜನಕ್ಕೆ ಕಂಡದ್ದು ಬರೀ ಪಾದಗಳು. ಮುಖ ಮರೆಯಾಯಿತಲ್ಲ, ಇನ್ನೇನು ಎಂದು ನಟರೆಲ್ಲ ನಟನೆ ಮುಗಿಸಿದ್ದರು. ಸತ್ತ ರಾಜನ ಬಲಗಾಲ ಹೆಬ್ಬೆರಳು ಎಡಗಾಲನ್ನು ಪರಪರ ಕೆರೆಯಿತು. ಒಂದು ಕ್ಷಣದ ಹಿಂದೆ ಗೋಳೋ ಎಂದು ಅತ್ತಿದ್ದ ರಾಣಿಯ ಪಾದಗಳು ಬಿಟ್ಟ ಚಪ್ಪಲಿಗಾಗಿ ತಡಕಾಡಿದವು. ಮಂತ್ರಿಯ ಪಾದಗಳು ಆಗಲೇ ಮನೆಯ ಕಡೆ ತಿರುಗಿದ್ದವು. ಆಮೇಲೆ ಪರದೆ ನೆಲ ಮುಟ್ಟಿತು.

ಅತ್ತೆ ಕುರ್ಚಿಯಿಂದ ಏಳಲಿಲ್ಲ. ಹಾಲು ಗುಡಿಸುವವಳು ಬಂದು ಎಬ್ಬಿಸಿ ಕಳಿಸಿದಳಂತೆ.

ಮುಂದಿನ ಶನಿವಾರ ಟಿಕೆಟ್ ಕೊಂಡು ಹೋದಳು. ಅದರ ಮುಂದಿನ ಶನಿವಾರ ಮಾವನನ್ನೂ ಕರೆದುಕೊಂಡು ಹೋದಳು. ಅವರು ಎರಡನೆಯ ಅಂಕದಲ್ಲಿ ನಿದ್ದೆಹೋಗಿ ಚಪ್ಪಾಳೆಗೆ ಎಚ್ಚರಾದರು. ನನ್ನನ್ನೂ ಒಮ್ಮೆ ಕರೆದೊಯ್ದು, ಎರಡೂಕಾಲು ಗಂಟೆ ಹೊತ್ತು, ಇದೇನಲ್ಲ, ಇನ್ನೂ ಇದೆ, ಇದೇನಲ್ಲ, ಎಂದು ಪಿಸುಗುಟ್ಟುತ್ತಿದ್ದಳು. ಹೀಗೆ ಹನ್ನೊಂದು ಶನಿವಾರ ಕಳೆಯಿತು. ಅಷ್ಟರಲ್ಲಿ ಅತ್ತೆಗೆ ಒಂದು ಯೋಚನೆ ಕೊರೆಯತೊಡಗಿತ್ತು. ರಾಜನಿಗೆ ಚಪ್ಪಾಳೆ ಸಿಗುತ್ತದೆ, ರಾಣಿಗೆ ಶಿಳ್ಳೆ ಸಿಗುತ್ತದೆ. ಪರದೆ ಇಳಿಸುವವನಿಗೆ ಯಾರಾದರೂ ಒಂದು ಮಾತು ಹೇಳಿದ್ದಾರೆಯೇ?

ಬರೆದು ಕೊಡು ಎಂದರು ಮಾವ. ಬಾಯಿಮಾತು ಗಾಳಿಗೆ ಹೋಗುತ್ತದೆ, ಅಕ್ಷರ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ಅತ್ತೆ ಎರಡು ದಿನ ಕೂತು ಮೂರು ಪುಟ ಬರೆದಳು. ಹೆಮ್ಮೆಯಿಂದ ಗಂಡನಿಗೆ ತೋರಿಸಿದಳು. ಮಾವ ಕೆಂಪು ಪೆನ್ನು ತೆಗೆದರು. ‘ಅತ್ಯಂತ ಸುಂದರವಾಗಿ’ ಅನಗತ್ಯ, ಸುಂದರ ಎಂದ ಮೇಲೆ ಅತ್ಯಂತ ಯಾಕೆ ಎಂದು ಆ ಮಾತನ್ನು ಹೊಡೆದುಹಾಕಿದರು. ಆಮೇಲೆ, ನಿಧಾನವಾಗಿ ಎಂದ ಮೇಲೆ ಸುಂದರ ಯಾಕೆ ಎಂದು ಅದನ್ನೂ ಹೊಡೆದರು. ಮಗುವಿನ ಹೊದಿಕೆ ವಿಷಯಾಂತರ. ‘ನನ್ನ ಕಣ್ಣು ತುಂಬಿ ಬಂತು’ ಓದುವವರಿಗೆ ಸಂಬಂಧಿಸಿದ್ದಲ್ಲ. ಮೂರು ಪುಟದಲ್ಲಿ ಕೊನೆಗೆ ಉಳಿದದ್ದು ಎರಡು ವಾಕ್ಯ: ‘ಕಡೆಯ ದೃಶ್ಯದಲ್ಲಿ ಪರದೆಯು ಕೊನೆಯ ಮೂರು ಅಡಿ ನಿಧಾನವಾಗಿ ಇಳಿಯುತ್ತದೆ. ಪ್ರೇಕ್ಷಕರಿಗೆ ಪಾತ್ರಧಾರಿಗಳ ಪಾದಗಳು ಕಾಣುತ್ತವೆ.’

ಒಂದೂ ತಪ್ಪಿಲ್ಲದ ಆ ಎರಡು ವಾಕ್ಯಗಳನ್ನು ಅತ್ತೆ ದುಂಡಗೆ ನಕಲು ಮಾಡಿಕೊಂಡು ಹಾಲಿಗೆ ಹೋದಳು. ಬಾಗಿಲ ಬಳಿ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕ, ದಾರ ಕಟ್ಟಿ ನೇತುಹಾಕಿದ್ದ ಪುಸ್ತಕ ಒಂದೇ ಒಂದು. ಅದರ ಮೇಲೆ ‘ದೂರು ಪುಸ್ತಕ’ ಎಂದಿತ್ತು. ಹೊಗಳುವ ಪುಸ್ತಕ ಎಲ್ಲಿದೆ ಎಂದು ಟಿಕೆಟಿನವನನ್ನು ಕೇಳಿದಾಗ ಅವನು ಅಂಥದ್ದನ್ನು ಇದುವರೆಗೆ ಯಾರೂ ಕೇಳಿಲ್ಲವೆಂದ. ಅತ್ತೆ ದೂರು ಪುಸ್ತಕದಲ್ಲೇ ಬರೆದು, ಕೆಳಗೆ ಸಹಿ ಮತ್ತು ವಿಳಾಸ ಹಾಕಿ, ಹಗುರವಾದ ಮನಸ್ಸಿನಿಂದ ಮನೆಗೆ ಬಂದಳು.

ನಾಲ್ಕನೆಯ ದಿನ ಕಾಗದ ಬಂತು. ತಮ್ಮ ದೂರು ಸಂಖ್ಯೆ ನಲವತ್ತೊಂದನ್ನು ಗಂಭೀರವಾಗಿ ಪರಿಗಣಿಸಲಾಗಿದೆ, ಕರ್ತವ್ಯದಲ್ಲಿ ನಿಧಾನಗತಿ ತೋರಿದ ಪರದೆ ನೌಕರನಿಗೆ ಮೆಮೊ ಕೊಡಲಾಗಿದೆ, ವಿಚಾರಣೆಯ ದಿನ ತಾವು ಹಾಜರಿರತಕ್ಕದ್ದು. ಮಾವ ಕಾಗದದಲ್ಲಿ ಎರಡು ಅಕ್ಷರ ತಪ್ಪುಗಳನ್ನು ತೋರಿಸಿದರು. ಅತ್ತೆ ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಒಂದು ಅವಳದು, ಒಂದು ಮಾವನದು.

ಹಾಲಿನ ಮ್ಯಾನೇಜರ್ ಕುರ್ಚಿಯ ಮೇಲೆ ಎರಡು ದಿಂಬು ಹಾಕಿಕೊಂಡು ಕೂರುವ ಕುಳ್ಳ ಮನುಷ್ಯ. ನಾನು ಹೊಗಳಿದ್ದು ಸ್ವಾಮಿ ಎಂದು ಅತ್ತೆ ಎಷ್ಟು ಹೇಳಿದರೂ ಅವರಿಗೆ ಅರ್ಥವಾಗಲಿಲ್ಲ. ದೂರು ಪುಸ್ತಕವನ್ನೇ ತರಿಸಿ ಮುಂದಿಟ್ಟರು.

“ಹೊಗಳಿದ್ದು ಅಂತ ಇದರಲ್ಲಿ ಎಲ್ಲಿದೆ, ತೋರಿಸಿ.”

ಅತ್ತೆ ತನ್ನ ಎರಡು ವಾಕ್ಯಗಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದಳು. ಎಲ್ಲೂ ಇರಲಿಲ್ಲ.

“ಇತ್ತು. ನಮ್ಮನೆಯವರು ತಿದ್ದಿದ್ರು” ಎಂದಳು.

ಹಾಗಿದ್ದರೆ ದೂರನ್ನು ವಾಪಸು ತೆಗೆದುಕೊಳ್ಳಬಹುದು ಎಂದರು ಮ್ಯಾನೇಜರ್. ಅದಕ್ಕೊಂದು ಫಾರಂ ಇತ್ತು. ‘ನಾನು ಬರೆದದ್ದು ಸುಳ್ಳು, ಪರದೆಯು ಕೊನೆಯ ಮೂರು ಅಡಿ ನಿಧಾನವಾಗಿ ಇಳಿಯುವುದಿಲ್ಲ’ ಎಂದು ತುಂಬಿ ಸಹಿ ಹಾಕಬೇಕು. ಅತ್ತೆ ಪೆನ್ನು ಕೈಗೆ ತೆಗೆದುಕೊಂಡಳು, ಕೆಳಗಿಟ್ಟಳು, ಮತ್ತೆ ತೆಗೆದುಕೊಂಡಳು. ಹನ್ನೊಂದು ಶನಿವಾರ ಕಣ್ಣಾರೆ ಕಂಡದ್ದನ್ನು ಇಲ್ಲವೆಂದು ಬರೆಯಲು ಕೈ ಬರಲಿಲ್ಲ. ಇಳಿಯುತ್ತದೆ ಅನ್ನುವುದು ನಿಜ, ಅದು ದೂರು ಅನ್ನುವುದು ಮಾತ್ರ ಸುಳ್ಳು, ಹಾಗೆ ಬರೆಯಲೇ ಎಂದು ಕೇಳಿದಳು. ಫಾರಮಿನಲ್ಲಿ ಅಷ್ಟು ಜಾಗ ಇರಲಿಲ್ಲ.

ಮ್ಯಾನೇಜರಿಂದ ಏನೂ ಆಗುವಂತಿಲ್ಲ ಎಂದಮೇಲೆ ಪರದೆಯವನಿಗೇ ತಪ್ಪೊಪ್ಪಿಕೊಳ್ಳೋಣವೆಂದು ಅವಳು ರಂಗದ ಹಿಂದಕ್ಕೆ ಹೋದಳು. ಅಲ್ಲಿ ಹಗ್ಗದ ಪಕ್ಕ, ಒಂದು ಕಬ್ಬಿಣದ ಟ್ರಂಕಿನ ಮೇಲೆ, ಅರ್ಧ ತೋಳಿನ ಬನಿಯನ್ ತೊಟ್ಟ ದೊಡ್ಡ ಆಳು ಕೂತಿದ್ದ. ಅಂಗೈ ಎರಡೂ ಹಗ್ಗ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿದ್ದವು. ತಾನು ಯಾರೆಂದು ಅತ್ತೆ ಹೇಳಿದ ಕೂಡಲೇ ಅವನು ಎದ್ದು ನಿಂತ. ಟ್ರಂಕು ತೆರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದ ಮೆಮೊ ಹೊರತೆಗೆದ. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು.

“ಇಪ್ಪತ್ತಾರು ವರ್ಷ ಆಯ್ತಮ್ಮಾ ಈ ಹಗ್ಗ ಹಿಡಿದು” ಎಂದ ಅವನು. “ನನ್ನ ಹೆಸರಿಗೆ ಬಂದ ಮೊದಲನೇ ಕಾಗದ ಇದು. ಮನೆಯವಳು ಎರಡು ಸಲ ಗಟ್ಟಿಯಾಗಿ ಓದಿಸ್ಕೊಂಡ್ಳು. ನಾನು ಒಬ್ಬ ಇಲ್ಲಿ ಇದ್ದೀನಿ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಪರದೆ ನೋಡಿ.”

“ಪರದೆ ನೋಡ್ತಾರಾ ಜನ?”

ದೂರನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಬೇಡಿ ಎಂದು ಅವನು ಕೈಮುಗಿದ. ವಿಚಾರಣೆಗೆ ಹಾಕಿಕೊಳ್ಳಲೆಂದು ಅಂಗಿಯನ್ನು ಇಸ್ತ್ರಿಗೆ ಕೊಟ್ಟಿದ್ದನಂತೆ.

ವಿಚಾರಣೆ ನಡೆದದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಖಾಲಿ ಹಾಲಿನಲ್ಲಿ. ಸಮಿತಿಯಲ್ಲಿ ಮೂವರು: ಮ್ಯಾನೇಜರ್, ಕಟ್ಟಡ ನೋಡಿಕೊಳ್ಳುವ ಎಂಜಿನಿಯರ್, ಮತ್ತು ಸಾರ್ವಜನಿಕರ ಪರವಾಗಿ ಒಬ್ಬರು ಇರಬೇಕೆಂದು ನಿಯಮವಿದ್ದುದರಿಂದ ಪಕ್ಕದ ಬೀದಿಯ ನಿವೃತ್ತ ಹೆಡ್‌ಮಿಸ್. ಮೂವರೂ ಮೊದಲ ಸಾಲಿನಲ್ಲಿ ಕೂತರು. ಹಿಂದಿನ ಸಾಲಿನಲ್ಲಿ ಅತ್ತೆ, ತೊಡೆಯ ಮೇಲೆ ಯಾರದೋ ಅಂಗಿ. ರಂಗದ ಮೇಲೆ ನಟರಿರಲಿಲ್ಲ, ಏನಾದರೂ ಇರಲಿ ಎಂದು ಒಂದು ಮರದ ಕುರ್ಚಿ ಇಟ್ಟಿದ್ದರು. ಪರದೆ ಇಳಿಯಿತು. ಎಂಜಿನಿಯರ್ ಸ್ಟಾಪ್‌ವಾಚ್ ಒತ್ತಿದರು. ಮೊದಲ ಹನ್ನೊಂದು ಅಡಿಗೆ ನಾಲ್ಕು ಸೆಕೆಂಡು, ಕೊನೆಯ ಮೂರು ಅಡಿಗೆ ಏಳು ಸೆಕೆಂಡು. ಇನ್ನೊಮ್ಮೆ ಎಂದರು. ಅದೇ ಲೆಕ್ಕ. ಮೂರನೆಯ ಸಲ ವಾಚು ಒತ್ತಲು ಎಂಜಿನಿಯರ್ ಮರೆತರು. ನಾಲ್ಕನೆಯ ಸಲಕ್ಕೆ ಹೆಡ್‌ಮಿಸ್ ಕರ್ಚೀಫು ತೆಗೆದು ಮೂಗು ಒರೆಸಿಕೊಂಡರು. ಏನಾಯಿತೆಂದು ಮ್ಯಾನೇಜರ್ ಕೇಳಿದ್ದಕ್ಕೆ, ಆ ಕುರ್ಚಿಯ ಕಾಲು ನಾಲ್ಕೂ ಸ್ವಲ್ಪ ಸ್ವಲ್ಪವೇ ಮುಚ್ಚಿಹೋಗುವುದನ್ನು ನೋಡಲಾಗುತ್ತಿಲ್ಲ ಎಂದರು. ಹಾಗೆಂದು ನಿಲ್ಲಿಸಲೂ ಬಿಡಲಿಲ್ಲ. ಒಟ್ಟು ಹದಿನಾಲ್ಕು ಸಲ ಪರದೆ ಇಳಿಯಿತು. ಊಟದ ಹೊತ್ತು ಮೀರಿತು.

ಕೊನೆಗೆ ಪರದೆಯವನನ್ನು ಕರೆದು, ನಿಧಾನ ಮಾಡುವುದಕ್ಕೆ ಕಾರಣವೇನು ಎಂದು ಕೇಳಿದರು. ಇಸ್ತ್ರಿ ಅಂಗಿಯಲ್ಲಿ ಬಂದಿದ್ದ ಅವನು ಅಂಗೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತು, ಹಗ್ಗದಲ್ಲಿ ಗಂಟಿದೆ ಎಂದ. ಅವನು ಕೆಲಸಕ್ಕೆ ಸೇರಿದ ವರ್ಷವೇ ಹಗ್ಗ ಒಂದು ಕಡೆ ಹರಿದಿತ್ತಂತೆ. ಹೊಸದು ಬರುವ ತನಕ ಇರಲಿ ಎಂದು ಹರಿದ ಎರಡು ತುದಿಗಳನ್ನು ಒಂದರ ಮೇಲೊಂದಿಟ್ಟು ಎರಡು ಮೊಳದುದ್ದಕ್ಕೂ ಸಣ್ಣ ಹುರಿ ಸುತ್ತಿದ್ದನಂತೆ. ಆ ದಪ್ಪ ಜಾಗ ರಾಟೆಯ ಬಾಯಿಗೆ ಬಂದಾಗ ಎರಡೂ ಕೈಯಲ್ಲಿ ತಡೆದು ಇಷ್ಟಿಷ್ಟೇ ಬಿಡಬೇಕು, ಇಲ್ಲದಿದ್ದರೆ ಹಗ್ಗ ರಾಟೆಯಿಂದ ಹಾರುತ್ತದೆ. ಅಷ್ಟೇ ವಿಷಯ. ಹೊಸ ಹಗ್ಗ ಇನ್ನೂ ಬಂದಿಲ್ಲ.

ಅತ್ತೆಗೆ ಬೇಜಾರಾಗಿರಬೇಕೆಂದು ನಾನು ಆಮೇಲೆ ಕೇಳಿದೆ. ಕಲೆ ಅಂದುಕೊಂಡದ್ದು ಬರೀ ಗಂಟು ಅಂತ ಗೊತ್ತಾಯಿತಲ್ಲ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಗಂಟನ್ನ ಎಷ್ಟು ಚೆನ್ನಾಗಿ ಕಟ್ಟಿದ್ದಾನೆ ಗೊತ್ತಾ” ಎಂದಳು. ವಿಚಾರಣೆ ಮುಗಿದ ಮೇಲೆ ಹಗ್ಗದ ಹತ್ತಿರ ಹೋಗಿ ಎರಡು ಮೊಳವನ್ನೂ ಬೆರಳಾಡಿಸಿ ನೋಡಿ ಬಂದಿದ್ದಳು.

ಸಮಿತಿಯ ತೀರ್ಮಾನ ಒಂಬತ್ತನೆಯ ದಿನ ಬಂತು. ದೂರು ಸಾಬೀತಾಗಿದೆ, ನೌಕರನದು ತಪ್ಪಿಲ್ಲ, ತಪ್ಪು ಹಗ್ಗದ್ದು, ಹಗ್ಗ ಬದಲಿಸಲಾಗಿದೆ. ಇಪ್ಪತ್ತಾರು ವರ್ಷ ಬಾರದ ಹಗ್ಗ ಎರಡು ವಾಕ್ಯದಲ್ಲಿ ಬಂದುಬಿಟ್ಟಿತ್ತು. ಬಿಳಿ ನೈಲಾನ್ ಹಗ್ಗ, ಬೆಣ್ಣೆಯಂತೆ ನುಣುಪು.

ಆ ಶನಿವಾರ ರಾಜ ಸತ್ತ, ರಾಣಿ ಅತ್ತಳು, ಪರದೆ ಅಂಗಡಿ ಶಟರಿನಂತೆ ಧಡಾರನೆ ಬಿತ್ತು. ಮುಂದಿನ ಎರಡು ಸಾಲಿನವರ ಮುಖಕ್ಕೆ ಧೂಳು ಹಾರಿತು. ಮಂತ್ರಿಯ ಒಂದು ಕಾಲು ಪರದೆಯ ಈಚೆಗೇ ಉಳಿದು, ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತೋಚದೆ ನಿಂತು, ಆಮೇಲೆ ಒಳಗೆ ಹೋಯಿತು. ನಿದ್ದೆಯಲ್ಲಿದ್ದ ಮಾವ ಎದ್ದು ಯಾರದೋ ಕೈಹಿಡಿದುಕೊಂಡರು. ಅತ್ತೆ ಮನೆಗೆ ಬಂದು ಎರಡು ದಿನ ಯಾವುದನ್ನೂ ಚೆನ್ನಾಗಿದೆ ಎನ್ನಲಿಲ್ಲ. ಹೊಸ ಸೋಪಿನ ಅಕ್ಷರದ ಬದಿಯನ್ನೇ ಉಜ್ಜಿಕೊಂಡಳೆಂದು ಮಾವ ನಮ್ಮ ಮನೆಗೆ ಬಂದು ಹೇಳಿದಾಗ ನಮಗೂ ಯೋಚನೆಯಾಯಿತು.

ಸೋಮವಾರ ಅವಳು ದೂರು ಸಂಖ್ಯೆ ನಲವತ್ತೆರಡನ್ನು ಬರೆದಳು. ಈ ಸಲ ಯಾರಿಗೂ ತೋರಿಸಲಿಲ್ಲ. ‘ಪರದೆ ವಿಪರೀತ ಬೇಗ, ವಿಪರೀತ ಕೆಟ್ಟದಾಗಿ ಬೀಳುತ್ತಿದೆ’ ಎಂದು ಬರೆದು ವಿಪರೀತದ ಕೆಳಗೆ ಎರಡೆರಡು ಗೀಟು ಎಳೆದಳು. ಮ್ಯಾನೇಜರ್ ತಲೆಯ ಮೇಲೆ ಕೈಹೊತ್ತರು. ನಿಧಾನ ಎಂದು ದೂರು ಕೊಟ್ಟವರೇ ಬೇಗ ಎಂದು ದೂರು ಕೊಟ್ಟರೆ ಕಚೇರಿ ಏನು ಮಾಡಬೇಕು? ನಲವತ್ತೊಂದನೆಯ ಕಡತ ಬಹಳ ಚುರುಕಾಗಿ ಮುಗಿಯಿತೆಂದು ಮೇಲಿನಿಂದ ಮೆಚ್ಚುಗೆಯ ಪತ್ರ ಬೇರೆ ಬಂದಿತ್ತು, ಅದನ್ನು ಕೆದಕುವಂತಿರಲಿಲ್ಲ. ಹಳೆಯ ಹಗ್ಗವನ್ನೇ ಹಾಕಿ ಎಂದರೆ ಅದು ಗುಜರಿಗೆ ಹೋಗಿತ್ತು. ಕೊನೆಗೆ ಅವರು ಕುರ್ಚಿಯಿಂದ ಇಳಿದು ಬಾಗಿಲು ಹಾಕಿ, ನಿಮ್ಮ ಪಾಡಿಗೆ ನೀವು ಒಳಗೆ ಏನಾದರೂ ಮಾಡಿಕೊಳ್ಳಿ, ಬರವಣಿಗೆಯಲ್ಲಿ ಮಾತ್ರ ಏನೂ ಬೇಡ ಎಂದರು.

ಮೊದಲು ಪರದೆಯವನೇ ಕೈಯಲ್ಲಿ ನಿಧಾನ ಮಾಡಿ ನೋಡಿದ. ಅತ್ತೆ ಬೆಳಗಿನ ಹೊತ್ತು ಕಾಜಾದ ಅಂಗಿಗಳನ್ನು ಹಿಡಿದು ಖಾಲಿ ಹಾಲಿಗೆ ಬಂದು ಕೂರುತ್ತಿದ್ದಳು. ಅವನು ಇಳಿಸುತ್ತಿದ್ದ, ಅವಳು ಹೇಳುತ್ತಿದ್ದಳು. ಇದು ಬೇಕಂತ ಮಾಡಿದ ಹಾಗಿದೆ. ಇದರಲ್ಲಿ ಬಹಳ ದುಃಖ ಆಯಿತು. ಇದು ಯಾರೋ ಕದ್ದು ನೋಡುತ್ತಿರುವ ಹಾಗಿದೆ. ಅವನಿಗೂ ಗೊತ್ತಾಗುತ್ತಿತ್ತು. ಇಪ್ಪತ್ತಾರು ವರ್ಷ ಗಂಟಿನ ಜೊತೆ ಕೆಲಸ ಮಾಡಿದ ಕೈ ನುಣುಪು ಹಗ್ಗ ಹಿಡಿದು, ಮಾತೇ ಆಡದ ಹೊಸ ನೆಂಟನ ಎದುರು ಕೂತಂತೆ ಕಸಿವಿಸಿಪಡುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಅತ್ತೆ ಅಂಗಿ ತರಲಿಲ್ಲ. ಗೋಣಿಚೀಲ ಹೊಲಿಯುವ ದಬ್ಬಣ, ಮೇಣ ಸವರಿದ ದಪ್ಪ ದಾರದ ಎರಡು ಉಂಡೆ ತಂದಳು. ಟ್ರಂಕಿನ ಮೇಲೆ ಕೂತು, ಹೊಸ ಹಗ್ಗವನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ಸುತ್ತ ಕಾಜಾದ ಹೊಲಿಗೆ ಹಾಕತೊಡಗಿದಳು. ಪ್ರತಿ ಸುತ್ತಿಗೂ ಒಂದು ಗಂಟು, ಒಂದರ ಪಕ್ಕ ಒಂದು, ಸಾಸಿವೆ ಜೋಡಿಸಿದ ಹಾಗೆ. ಮೂರು ಬೆಳಗು ಹಿಡಿಯಿತು. ಟೈಲರ್ ಎರಡು ಸಲ ಹುಡುಕಿಕೊಂಡು ಬಂದ. ಎರಡನೆಯ ಸಲ ಬಂದವನು ತಾನೂ ಹಗ್ಗದ ಇನ್ನೊಂದು ತುದಿ ಹಿಡಿದು ಬಿಗಿಯಾಗಿ ಎಳೆದುಕೊಂಡು ನಿಂತ. ಗ್ರಾಹಕರ ಅಂಗಿಗಳು ಆ ವಾರ ಗುಂಡಿಯಿಲ್ಲದೆ ಉಳಿದವು. ವಕೀಲರು ಕೋಟಿನ ಎದೆಗೆ ಕೈಯಿಟ್ಟುಕೊಂಡೇ ಓಡಾಡಿದರೆಂದು ಸುದ್ದಿ.

ಹೊಲಿಯುವ ಖುಷಿಯಲ್ಲಿ ಅತ್ತೆ ಅಳತೆ ಮರೆತಿದ್ದಳು. ಎರಡು ಮೊಳದ ಜಾಗದಲ್ಲಿ ಎರಡು ಮುಕ್ಕಾಲು ಮೊಳ ಆಗಿತ್ತು. ಶನಿವಾರ ಪರದೆ ನಿಧಾನವಾದದ್ದು ನೆಲಕ್ಕೆ ನಾಲ್ಕು ಅಡಿ ಇರುವಾಗ. ಪಾದಗಳ ಜೊತೆಗೆ ಮೊಣಕಾಲೂ, ಮೊಣಕಾಲ ಮೇಲೆ ಇಟ್ಟುಕೊಂಡ ಕೈಗಳೂ ಕಾಣಿಸಿದವು. ಸತ್ತ ರಾಜ ಸೊಂಟದಿಂದ ಕೈಗಡಿಯಾರ ತೆಗೆದು ಕಟ್ಟಿಕೊಂಡ. ಸೈನಿಕನೊಬ್ಬ ಮಂತ್ರಿಯ ಕೈಗೆ ಬಾಗಿಲ ಬೀಗದಕೈ ಕೊಟ್ಟ. ಕೊನೆಯ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಅದು ಅತ್ತೆಯಲ್ಲ.

ಇಷ್ಟೆಲ್ಲ ಆದಮೇಲೆ ಪರದೆಯವನಿಗೆ ಒಂದು ಆಸೆ ಹುಟ್ಟಿತು. ಅದನ್ನು ಹೇಳಲು ಅವನು ನಾಚಿಕೊಂಡು ಎರಡು ವಾರ ತೆಗೆದುಕೊಂಡ. ಅತ್ತೆಯ ಮನೆಗೆ ಬಂದು, ಚಹಾ ಕುಡಿದು, ಲೋಟ ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಖಾಲಿಯಿದ್ದುದನ್ನು ನೋಡಿ ಮತ್ತೆ ಕೆಳಗಿಟ್ಟ.

“ಅಮ್ಮಾ, ನಾನು ಪರದೇನ ಮುಂದೆಯಿಂದ ಯಾವತ್ತೂ ನೋಡಿಲ್ಲ.”

“ಅಯ್ಯೋ, ನೋಡಬೇಕು.”

“ನಾನು ಮುಂದೆ ಬಂದ್ರೆ ಇಳಿಸೋರು ಯಾರು?”

ಅತ್ತೆ ತನ್ನ ಕೈಗಳನ್ನು ನೋಡಿಕೊಂಡಳು. ನಾನಿದ್ದೀನಲ್ಲ ಎಂದಳು. ಮಾವ ಪೇಪರಿನಿಂದ ತಲೆಯೆತ್ತಿ, ಆ ಪರದೆ ನಿನಗಿಂತ ಭಾರ ಇದೆ ಎಂದು ಹೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಆ ಶನಿವಾರ ನಾವು ನಾಲ್ಕನೆಯ ಸಾಲಿನಲ್ಲಿ ಕೂತೆವು. ನಾನು, ಮಾವ, ಇಸ್ತ್ರಿ ಅಂಗಿಯ ಪರದೆಯವನು. ಮ್ಯಾನೇಜರ್ ಅರ್ಧ ಆಟಕ್ಕೇ ಮನೆಗೆ ಹೋಗುವ ದಿನ. ಇಪ್ಪತ್ತಾರು ವರ್ಷ ಎಲ್ಲ ನಾಟಕಗಳನ್ನೂ ಪಕ್ಕದಿಂದ ನೋಡಿದ್ದ ಪರದೆಯವನು ರಾಣಿಗೆ ಎರಡು ಕಿವಿ ಇರುವುದನ್ನು ಅವತ್ತೇ ಕಂಡೆನೆಂದು ಆಮೇಲೆ ಹೇಳಿದ. ರಾಜ ಸತ್ತ. ಪರದೆ ನಡುಗುತ್ತಾ ಇಳಿಯತೊಡಗಿತು. ಮುಖಗಳು ಮುಚ್ಚಿದವು. ನಾಲ್ಕು ಅಡಿಗೆ ಬಂದು ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತೇಬಿಟ್ಟಿತು. ದಪ್ಪ ಹೊಲಿಗೆ ರಾಟೆಯಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ಅತ್ತೆಯ ಏದುಸಿರು ಕೇಳಿಸುತ್ತಿತ್ತು.

ನಟರಿಗೆ ಆ ಏಳು ಸೆಕೆಂಡಿನ ಅಭ್ಯಾಸ. ಅದು ಕಳೆಯಿತೆಂದು ಅವರೆಲ್ಲ ತಮ್ಮ ತಮ್ಮ ಕೆಲಸಕ್ಕೆ ತೊಡಗಿದರು. ರಾಣಿಯ ಚಪ್ಪಲಿ ಸಿಕ್ಕಿತು, ಒಂದರ ಉಂಗುಷ್ಠ ಕಿತ್ತಿತ್ತು, ಮಂತ್ರಿಯ ಕೈಗಳು ಬಂದು ಪಿನ್ನು ಹಾಕಿ ಸರಿಮಾಡಿದವು. ಸೈನಿಕರ ಎಂಟು ಕಾಲು ನೀರಿನ ಹೂಜಿಯ ಮುಂದೆ ಸಾಲು ನಿಂತವು. ರಾಜ ಎದ್ದುನಿಂತು ಮೈಮುರಿದಿರಬೇಕು, ಹಿಮ್ಮಡಿಗಳು ಮೇಲೆದ್ದವು. ಕಿರೀಟ ಕೆಳಗೆ ಬಿದ್ದು ಠಣ್ ಠಣ್ ಎನ್ನುತ್ತ ಉರುಳಿಕೊಂಡು ಬಂದು ಪರದೆಯ ಅಂಚಿನಲ್ಲಿ ನಿಂತಿತು. ರಾಜ ಅದನ್ನು ಹುಡುಕಿಕೊಂಡು ಅತ್ತ ಹೋದ, ಇತ್ತ ಬಂದ. ಅಲ್ಲಿದೆ ಅಲ್ಲಿದೆ ಎಂದು ಇಡೀ ಹಾಲು ಅವನಿಗೆ ದಾರಿ ಹೇಳಿತು. ಆಮೇಲೆ ಗುಡಿಸುವವಳ ಪೊರಕೆ ಬಂದು ರಂಗದ ಆ ತುದಿಯಿಂದ ಈ ತುದಿಗೆ, ಒಂದು ಮೂಲೆಯನ್ನೂ ಬಿಡದೆ, ನಿಧಾನವಾಗಿ ಗುಡಿಸಿಕೊಂಡು ಹೋಯಿತು. ಇಪ್ಪತ್ತು ನಿಮಿಷ ಯಾರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಮಾವ ಕನ್ನಡಕ ಮೇಲೆ ತಳ್ಳಿಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. ಪರದೆಯವನು ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಿದ್ದ. ಕಣ್ಣುಗಳು ಒದ್ದೆಯಾಗಿದ್ದವು, ಬಾಯಿ ನಗುತ್ತಿತ್ತು.

ಆಟ ಮುಗಿದ ಮೇಲೆ ಎದುರಿನ ಚಹಾದಂಗಡಿಯಲ್ಲಿ ಎಲ್ಲರೂ ನಿಂತೆವು. ಅತ್ತೆಯ ಅಂಗೈಗಳು ಕೆಂಪಗಾಗಿದ್ದವು, ಅವಳು ಲೋಟವನ್ನು ಸೆರಗಿನಲ್ಲಿ ಹಿಡಿದಿದ್ದಳು. ಅರ್ಧ ಮೀಸೆ ಕಿತ್ತ ರಾಜ ಕಿರೀಟ ಕಂಕುಳಲ್ಲಿ ಇಟ್ಟುಕೊಂಡು ಬಂದು, ಇವತ್ತು ಹಗ್ಗ ಹಿಡಿದವರು ಯಾರು ಎಂದು ಕೇಳಿದ. ಅತ್ತೆ ನಾನೇ ಎಂದಳು. ಅವನು ಬೈಯಲಿಲ್ಲ. ಕಿರೀಟ ತಗ್ಗಾಗಿದೆ ಎಂದು ಎಲ್ಲರಿಗೂ ತೋರಿಸಿದ. ಅದು ಕೈಯಿಂದ ಕೈಗೆ ಹೋಯಿತು. ಪರದೆಯವನು ಹೆಬ್ಬೆರಳಿನಲ್ಲಿ ಒಳಗಿನಿಂದ ಒತ್ತಿ ತಗ್ಗನ್ನು ಸ್ವಲ್ಪ ಸರಿಮಾಡಿ ಅತ್ತೆಗೆ ಕೊಟ್ಟ. ಅತ್ತೆ ಅದನ್ನು ಮಗುಚಿ ಒಳಗೆ ನೋಡಿದಳು. ತಗಡು ಹಣೆಗೆ ಒತ್ತದಿರಲೆಂದು ಯಾರೋ ಹಳೇ ಟವೆಲಿನ ಪಟ್ಟಿಯನ್ನು ಒಳಸುತ್ತಿಗೆ ಹೊಲಿದಿದ್ದರು. ಬಹಳ ಸಣ್ಣ ಹೊಲಿಗೆ, ಒಂದೂ ಎದ್ದಿರಲಿಲ್ಲ.

“ಇದು ಯಾರ ಕೈಕೆಲಸ?” ಎಂದು ಅತ್ತೆ ಕೇಳಿದಳು.

ರಾಜ ಬಗ್ಗಿ ನೋಡಿದ. ಆರು ವರ್ಷದಿಂದ ಬೇರೆ ಬೇರೆ ನಾಟಕಗಳಲ್ಲಿ ಅದೇ ಕಿರೀಟ ತಲೆಗಿಟ್ಟುಕೊಂಡಿದ್ದನಂತೆ, ಒಳಗೆ ಬಟ್ಟೆ ಇರುವುದೇ ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಇರಬಹುದು ಎಂದ. ಮನೆಗೆ ಹೋಗಿ ಕೇಳುತ್ತೇನೆ ಎಂದು, ಚಹಾ ಪೂರ್ತಿ ಮಾಡದೆ ಹೊರಟುಹೋದ.